ಪುಟ್ಟಿಯ ಉಸಿರು ಎಣಿಸಿದ್ದು

ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿದೆಯಾ ಅಂತ ಏಳು ತಿಂಗಳ ಕೂಸಿನ ಉಸಿರು ಎಣಿಸಲು ಇಬ್ಬರು ಬೇಕು. ಒಬ್ಬರು ಹೊಟ್ಟೆ ನೋಡಬೇಕು, ಇನ್ನೊಬ್ಬರು ಗಡಿಯಾರ ನೋಡಬೇಕು. ಒಬ್ಬರೇ ಎರಡನ್ನೂ ನೋಡಲು ಹೋದರೆ ಇಪ್ಪತ್ತು ಮುಟ್ಟುವಷ್ಟರಲ್ಲಿ ಲೆಕ್ಕ ತಪ್ಪುವುದು ಗ್ಯಾರಂಟಿ. ಹೊಟ್ಟೆ ಒಮ್ಮೆ ಎದ್ದು ಇಳಿದರೆ ಒಂದು. ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಶಾರ್ಟ್‌ಕಟ್ ಇಲ್ಲಿ ನಡೆಯುವುದಿಲ್ಲ. ಎಳೆಮಕ್ಕಳು ಒಂದೇ ಸಮನೆ ಉಸಿರಾಡುವುದಿಲ್ಲವಲ್ಲ. ನಾಲ್ಕಾರು ಸಲ ಬೇಗಬೇಗ, ಆಮೇಲೆ ಸ್ವಲ್ಪ ತಡೆದು, ಮತ್ತೆ ಬೇಗಬೇಗ. ಅಳುವಾಗ, ಹಾಲು ಕುಡಿಯುವಾಗ ಎಣಿಸಿ ಪ್ರಯೋಜನವಿಲ್ಲ. ಮೈ ಸುಡುತ್ತಿದ್ದರೂ ಉಸಿರು ಜಾಸ್ತಿಯಾಗುತ್ತದೆ. ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಂದು ಸಲ ಎಣಿಸಬೇಕು.

ಇದನ್ನು ನಮಗೆ ಹೇಳಿಕೊಟ್ಟವರು ಪುಣೆಯ ಹಡಪ್ಸರದಲ್ಲಿ ನಮ್ಮ ಮನೆಯ ಹತ್ತಿರ ಇರುವ ಮಕ್ಕಳ ಡಾಕ್ಟರು. ಡಿಸೆಂಬರ್ ತಿಂಗಳು. ಬೆಳಿಗ್ಗೆ ಚಳಿ, ಜೊತೆಗೆ ಕಸ ಸುಡುವ ಹೊಗೆ, ಸೋಲಾಪುರ ರಸ್ತೆಯ ಧೂಳು. ಪುಟ್ಟಿಗೆ ಮೂಗು ಸೋರುತ್ತಿತ್ತು, ಸಣ್ಣಗೆ ಕೆಮ್ಮು. ಡಾಕ್ಟರು ಎದೆ ಪರೀಕ್ಷೆ ಮಾಡಿ "ಸಧ್ಯಾ ಛಾತಿ ಕ್ಲಿಯರ್ ಆಹೆ" ಎಂದರು. ಸದ್ಯಕ್ಕೆ ಎದೆ ಕ್ಲಿಯರ್ ಇದೆ ಅಂತ. ಮೂಗಿಗೆ ಸಲೈನ್ ಹನಿ, ಜ್ವರ ಬಂದರೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್. ಬೇರೇನೂ ಬರೆಯಲಿಲ್ಲ. ಚೀಟಿಯ ಹಿಂಬದಿಯಲ್ಲಿ ಮಾತ್ರ ಮೂರು ಸಂಖ್ಯೆ ಬರೆದುಕೊಟ್ಟರು: 60, 50, 40. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅದನ್ನು ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಇದೇ.

ಅರಸೀಕೆರೆಯಿಂದ ಬಂದಿದ್ದ ನನ್ನ ಅಮ್ಮನಿಗೆ ಇದು ರುಚಿಸಲಿಲ್ಲ. "ಫೀಸು ತಗೊಂಡು ಲೆಕ್ಕ ಹೇಳಿಕೊಡೋ ಡಾಕ್ಟ್ರನ್ನ ಇಲ್ಲೇ ನೋಡಿದ್ದು ನಾನು. ಕೆಮ್ಮಿಗೆ ಒಂದು ಸಿರಪ್ ಆದ್ರೂ ಬೇಡ್ವಾ?" ಔಷಧಿ ಅಂಗಡಿಯವನೂ ಕೇಳದೆಯೇ ಒಂದು ಬಾಟಲಿ ಎತ್ತಿಟ್ಟಿದ್ದ. ನಾನು ವಾಪಸ್ ಕೊಟ್ಟೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು ಮಕ್ಕಳ ಮೂತ್ರಪಿಂಡ ಕೆಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಆಗ ಕೇಂದ್ರ ಸರ್ಕಾರವೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬೇಡಿ ಎಂದು ಹೇಳಿತ್ತು. ಒಳ್ಳೆಯ ಸಿರಪ್ ಆದರೂ ನ್ಯುಮೋನಿಯಾ ತಡೆಯುವ ಕೆಲಸ ಅದರದ್ದಲ್ಲ. ಅಮ್ಮನಿಗೆ ಟಿವಿ ನ್ಯೂಸ್ ನೆನಪಿತ್ತು, ಸುಮ್ಮನಾದಳು. ಆದರೆ ಜೇನಿನಲ್ಲಿ ತುಳಸಿ ರಸ, ಎದೆಗೆ ವಿಕ್ಸ್, ಮೂಗಿಗೆ ಒಂದು ತೊಟ್ಟು ಎಣ್ಣೆ, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ, ಇವು ಒಂದೊಂದಾಗಿ ಬಂದವು. ಒಂದೊಂದನ್ನೂ ಬೇಡ ಅನ್ನುವುದು ನನ್ನ ಪಾಲಿಗೆ ಬಂತು. ಒಂದು ವರ್ಷ ತುಂಬುವವರೆಗೆ ಜೇನು ಕೊಡುವ ಹಾಗಿಲ್ಲ. ವಿಕ್ಸ್ ಡಬ್ಬಿಯ ಮೇಲೆಯೇ ಎರಡು ವರ್ಷದೊಳಗೆ ಬೇಡ ಅಂತ ಇದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಹೊಗೆಯ ಬಗ್ಗೆ ಹೇಳುವುದೇ ಬೇಡ.

ಮೂರನೆಯ ಸಂಜೆ ಕೆಮ್ಮು ಕಡಿಮೆಯಾಯಿತು. ಅಮ್ಮ "ನೋಡು, ವಾಸಿಯಾಗ್ತಿದೆ" ಎಂದಳು. ಆದರೆ ಪುಟ್ಟಿ ಮೊಲೆಗೆ ಬಾಯಿ ಹಾಕಿ ಎರಡು ಸಲ ಚೀಪಿ ಬಿಟ್ಟುಬಿಡುತ್ತಿದ್ದಳು. ಮತ್ತೆ ಹಾಕುವಳು, ಮತ್ತೆ ಬಿಡುವಳು. ಹಸಿವಿದೆ, ಆದರೆ ಕುಡಿಯಲು ಉಸಿರು ಬಿಡುವು ಕೊಡುತ್ತಿಲ್ಲ. ನಿದ್ದೆ ಹತ್ತಿದ ಮೇಲೆ ಸ್ವೆಟರು, ಅಂಗಿ ಎರಡನ್ನೂ ಎತ್ತಿ ನೋಡಿದೆವು. ಉಸಿರು ಒಳಗೆ ತಗೊಳ್ಳುವಾಗ ಎದೆ ಉಬ್ಬಬೇಕು ಅಲ್ವಾ? ಇಲ್ಲಿ ಉಲ್ಟಾ. ಹೊಟ್ಟೆ ಮೇಲೇಳುವಾಗ ಪಕ್ಕೆಲುಬಿನ ಕೆಳಗಿನ ಅಂಚು ಒಳಕ್ಕೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳಿ ಮುಚ್ಚುತ್ತಿತ್ತು. ಗಂಡ ಮೊಬೈಲಿನಲ್ಲಿ ಟೈಮರ್ ಹಿಡಿದರು, ನಾನು ಎಣಿಸಿದೆ. 64. ಇನ್ನೊಮ್ಮೆ ಎಣಿಸಿದೆ. 62. ರಿಕ್ಷಾ ಹಿಡಿದು ಹೊರಟೆವು.

ಟ್ರಸ್ಟ್ ಒಂದರ ಆಸ್ಪತ್ರೆ. ಕ್ಯಾಶುವಾಲ್ಟಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಕೆಮ್ಮಿನದ್ದಲ್ಲ, ಜ್ವರದ್ದೂ ಅಲ್ಲ. "ಬಾಳ ದೂಧ್ ಪಿತಂಯ್ ಕಾ?" ಮಗು ಹಾಲು ಕುಡಿಯುತ್ತಿದೆಯಾ? ಆಮೇಲೆ ವಾಂತಿ, ಫಿಟ್ಸ್, ಎಬ್ಬಿಸಿದರೆ ಕಣ್ಣು ಬಿಡುತ್ತಾಳಾ ಅಂತ ಕೇಳಿದರು. ಕಾಲಿನ ಹೆಬ್ಬೆರಳಿಗೆ ಆಕ್ಸಿಮೀಟರಿನ ಪಟ್ಟಿ ಸುತ್ತಿದರು. ಕೆಂಪು ಬೆಳಕು ಬೆರಳಿನ ಆಚೆ ಬದಿಗೂ ಕಾಣುತ್ತಿತ್ತು, ಅಷ್ಟು ತೆಳು ಚರ್ಮ. ರಕ್ತದಲ್ಲಿ ಆಕ್ಸಿಜನ್ ಶೇಕಡಾ 88 ಅಂತ ಬಂತು. 90ಕ್ಕಿಂತ ಕೆಳಗಿದ್ದರೆ ಆಕ್ಸಿಜನ್ ಬೇಕೇಬೇಕು. ಮೂಗಿಗೆ ಎರಡು ಸಣ್ಣ ನಳಿಕೆ ಸಿಕ್ಕಿಸಿ, ಕೆನ್ನೆಗೆ ಪ್ಲಾಸ್ಟರ್ ಹಚ್ಚಿ, ನಿಮಿಷಕ್ಕೆ ಒಂದು ಲೀಟರಿನಂತೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ತುಟಿಯ ಬಣ್ಣ ಬದಲಾಯಿತು. ಅಷ್ಟು ಹೊತ್ತು ಅದು ಮಂಕಾಗಿತ್ತು ಅಂತ ಗೊತ್ತಾಗಿದ್ದೂ ಆಗಲೇ.

ಸೂಜಿ ಚುಚ್ಚುವಾಗ ನನ್ನನ್ನು ಹೊರಗೆ ಕಳಿಸಲಿಲ್ಲ. ದುಂಡು ಕೈಯಲ್ಲಿ ನರ ಎಲ್ಲಿ ಸಿಗಬೇಕು? ಸಿಸ್ಟರ್ ಅಂಗೈ ಕೆಳಗೆ ಒಂದು ಪುಟ್ಟ ಟಾರ್ಚ್ ಹಿಡಿದರು. ಕೈ ಪೂರ್ತಿ ಕೆಂಪಗೆ ಬೆಳಗಿ, ಹಿಂಗೈಯಲ್ಲಿ ನರಗಳು ಕಪ್ಪು ಗೆರೆಗಳಾಗಿ ಎದ್ದು ಕಂಡವು. ಅವುಗಳಲ್ಲಿ ದಪ್ಪನೆಯದಕ್ಕೆ ಸೂಜಿ ಹೋಯಿತು. ರಟ್ಟಿನ ತುಂಡು ಇಟ್ಟು ಮುಂಗೈಯನ್ನು ಬಿಗಿದರು. ಇನ್ನೊಂದು ಕೈಗೆ ಕಾಲುಚೀಲ ಹಾಕಿದರು, ಮೂಗಿನ ನಳಿಕೆ ಕಿತ್ತುಕೊಳ್ಳಬಾರದಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಬೆಳ್ಳನೆ ಮೋಡ.

ನನ್ನ ಗಂಡನ ಪ್ರಶ್ನೆ ಒಂದೇ: "ನ್ಯುಮೋನಿಯಾ ಲಸಿಕೆ ಎರಡು ಡೋಸ್ ಆಗಿದೆಯಲ್ಲ, ಮತ್ತೆ ಹೇಗೆ ಬಂತು?" ವಾರ್ಡಿನ ದೊಡ್ಡ ಡಾಕ್ಟರು ಬೇಸರವಿಲ್ಲದೆ ವಿವರಿಸಿದರು. ನ್ಯುಮೋನಿಯಾ ಅನ್ನುವುದು ಒಂದೇ ರೋಗಾಣುವಿನ ಕೆಲಸ ಅಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿಕೊಳ್ಳುವುದಕ್ಕೆ ಆ ಹೆಸರು. ನ್ಯುಮೋನಿಯಾ ಲಸಿಕೆ ಅಂತ ಕರೆಯುವ ಪಿಸಿವಿ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ಕೆಲವು ಬಗೆಗಳನ್ನು ತಡೆಯುತ್ತದೆ. ಪೆಂಟಾವೇಲೆಂಟ್ ಲಸಿಕೆಯಲ್ಲಿ ಹಿಬ್ ಎಂಬ ಇನ್ನೊಂದಕ್ಕೆ ತಡೆ ಇದೆ. ಈ ಎರಡೂ ಪ್ರಾಣ ತೆಗೆಯುವುದರಲ್ಲಿ ಮುಂದಿದ್ದವು, ಹಾಗಾಗಿ ಲಸಿಕೆ ದಂಡವಾಗಿಲ್ಲ. ಆದರೆ ಆರ್‌ಎಸ್‌ವಿ ತರಹದ ವೈರಸ್ ಬೇರೆ. ದೊಡ್ಡವರಿಗೆ ಅದು ಬರೀ ನೆಗಡಿ. ಕೂಸುಗಳಿಗೆ ಎದೆಗಿಳಿಯುತ್ತದೆ. ಪುಟ್ಟಿಯದು ವೈರಸ್ಸಿನಿಂದ ಶುರುವಾಗಿರಬಹುದು, ಮೇಲೆ ಬ್ಯಾಕ್ಟೀರಿಯಾ ಸೇರಿಲ್ಲ ಅಂತ ಹೇಳಲು ಆಗುವುದಿಲ್ಲ, ಹಾಗಾಗಿ ಆಂಪಿಸಿಲಿನ್ ಇಂಜೆಕ್ಷನ್. ಎರಡು ಮೂರು ದಿನದಲ್ಲಿ ಇಳಿಮುಖ ಕಾಣದಿದ್ದರೆ ಎದೆಗೂಡಿನಲ್ಲಿ ಕೀವು ಕಟ್ಟಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡೋಣ ಎಂದರು.

ಔಷಧಿಯ ಕಡೆ ಇಷ್ಟೇ. ಆರು ಗಂಟೆಗೊಮ್ಮೆ ಯಾರೋ ಬಂದು ಕೊಟ್ಟು ಹೋಗುತ್ತಾರೆ. ಉಳಿದ ಹೊತ್ತೆಲ್ಲ ನಮ್ಮದು. ಮೂಗು ಬಿಡಿಸುವುದು, ಮಲಗಿಸುವ ರೀತಿ, ಹಾಲು ಕುಡಿಸುವುದು, ಒದ್ದೆಯಾದ ಡೈಪರ್ ಲೆಕ್ಕ ಇಡುವುದು. ಇವನ್ನೆಲ್ಲ ಕಲಿಸಿದವರು ನಿಪ್ಪಾಣಿಯ ಸಿಸ್ಟರ್. ಮರಾಠಿಯಲ್ಲಿ ಶುರು ಮಾಡಿ, ನಾನು ಅಮ್ಮನ ಜೊತೆ ಆಡಿದ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಜಿಗಿದರು. "ಅಯ್ಯ, ಮೊದಲ ಹೇಳೂದಿಲ್ಲೇನ್ರಿ! ಅಕ್ಕಾರ, ಕೂಸಿನ ಮೂಗು ಕಟ್ಟಿತಂದ್ರ ಅದಕ್ಕ ಬಾಯಿಲೆ ಉಸಿರಾಡಾಕ ಸರಿಯಾಗಿ ಬರೂದಿಲ್ಲರಿ. ಹಾಲ ಕುಡಸೂಕಿಂತ ಮೊದಲ ಮೂಗ ಬಿಡಸ್ರಿ." ಪ್ರತಿ ಹೊಳ್ಳೆಗೂ ಎರಡು ಹನಿ ಸಲೈನ್. ಸ್ವಲ್ಪ ಕಾಯಬೇಕು. ಆಮೇಲೆ ರಬ್ಬರ್ ಬಲ್ಬನ್ನು ಮೊದಲೇ ಒತ್ತಿ ಹಿಡಿದು, ಹೊಳ್ಳೆಯ ಬಾಯಿಗೆ ತಾಗಿಸಿ, ಮೆಲ್ಲಗೆ ಬಿಡಬೇಕು. ಒಳಗೆ ತೂರಿಸಬಾರದು. ಹಾಲಿಗೆ ಮೊದಲು ಮತ್ತು ನಿದ್ದೆಗೆ ಮೊದಲು ಮಾಡಿದರೆ ಸಾಕು. ಜಾಸ್ತಿ ಮಾಡಿದರೆ ಮೂಗಿನ ಒಳಗೆ ಊದಿಕೊಂಡು ಇನ್ನಷ್ಟು ಕಟ್ಟುತ್ತದೆ.

ಹಾಲಿನ ಕಥೆ ದೊಡ್ಡದು. ಮೊದಲ ರಾತ್ರಿ ಮೊಲೆ ಕುಡಿಸಲು ಬಿಡಲಿಲ್ಲ. ಉಸಿರು ಅಷ್ಟು ಬೇಗಬೇಗ ಓಡುವಾಗ ಹಾಲು ಶ್ವಾಸನಾಳಕ್ಕೆ ಹೋಗುವ ಅಪಾಯ. ಸಲೈನನ್ನೂ ಬೇಕಾಬಿಟ್ಟಿ ಹಾಕುವುದಿಲ್ಲ, ನ್ಯುಮೋನಿಯಾದಲ್ಲಿ ಮೈಯಲ್ಲಿ ನೀರು ಜಾಸ್ತಿಯಾದರೂ ತೊಂದರೆ. ಹಾಗಾಗಿ ಮರುದಿನ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿದರು. ನಾನು ಹಾಲು ಹಿಂಡಿ ಸ್ಟೀಲ್ ಬಟ್ಟಲಲ್ಲಿ ಕೊಡುವುದು, ಸಿಸ್ಟರ್ ಅದನ್ನು ಸಿರಿಂಜಿಗೆ ಸುರಿದು ಎತ್ತಿ ಹಿಡಿಯುವುದು. ಒತ್ತುವ ಹಾಗಿಲ್ಲ, ತಾನಾಗಿಯೇ ಇಳಿಯಬೇಕು. ಒಂದು ಸಲಕ್ಕೆ 30 ಎಂ.ಎಲ್. ಹಾಲು ಸಿರಿಂಜಿನಲ್ಲಿ ಒಂದೊಂದೇ ಗೆರೆ ಇಳಿಯುವುದನ್ನು ನೋಡುತ್ತಾ ನಿಲ್ಲುವುದು ನನ್ನ ಕೆಲಸ. ಹಿಂಡದೆ ಬಿಟ್ಟರೆ ಹಾಲು ಬತ್ತುತ್ತದೆ, ಎದೆ ಕಲ್ಲಾಗುತ್ತದೆ. ಹಾಗಾಗಿ ನಿದ್ದೆ ಬರಲಿ ಬಿಡಲಿ ಎರಡು ಮೂರು ಗಂಟೆಗೊಮ್ಮೆ ಪರದೆ ಎಳೆದುಕೊಂಡು ಕೂರುವುದೇ.

ಉಸಿರು ಐವತ್ತರ ಆಸುಪಾಸಿಗೆ ಇಳಿದ ಮೇಲೆ ಅಮ್ಮನ ಕಾಲ ಬಂತು. ಅರಸೀಕೆರೆಯಿಂದ ತಂದಿದ್ದ ಬೆಳ್ಳಿ ಒಳಲೆ, ನಾನು ಕುಡಿದು ಬೆಳೆದದ್ದು, ಚೀಲದ ತಳದಿಂದ ಹೊರಬಂತು. "ಇದು ನಡೆಯುತ್ತಾ ಕೇಳು ಅವರನ್ನ." ಸಿಸ್ಟರ್ ನಕ್ಕುಬಿಟ್ಟರು. ವಾರ್ಡಿನಲ್ಲೂ ಅಂಥದ್ದೇ ಸ್ಟೀಲಿನದು ಇತ್ತು, ಪಲಾಡ ಅಂತ ಕರೆಯುತ್ತಿದ್ದರು. ಬಾಟಲಿ ಮಾತ್ರ ಬೇಡ ಎಂದರು. ಒಳಲೆಯನ್ನು ಚೆನ್ನಾಗಿ ಕುದಿಸಿ, ಮಗುವನ್ನು ತೊಡೆಯ ಮೇಲೆ ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗೆ ಇಟ್ಟು, ಒಂದು ಗುಟುಕು ಕೊಟ್ಟು, ನುಂಗುವವರೆಗೆ ಕಾಯಬೇಕು. ಅಮ್ಮನಿಗೆ ಇದರಲ್ಲಿ ಯಾರೂ ಪಾಠ ಹೇಳುವ ಅಗತ್ಯ ಇರಲಿಲ್ಲ. ಗುಟುಕಿಗೂ ಗುಟುಕಿಗೂ ನಡುವೆ ಅವಳ ಕಣ್ಣು ಪುಟ್ಟಿಯ ಹೊಟ್ಟೆಯ ಮೇಲೆ. ಎರಡು ಉಸಿರು ಎದ್ದು ಇಳಿದ ಮೇಲೆ ಇನ್ನೊಂದು ಗುಟುಕು. ನಾನು ಹೇಳಿಕೊಟ್ಟಿರಲಿಲ್ಲ.

ಅಮ್ಮನ ಜೊತೆ ಜಗಳವಾದದ್ದು ದೃಷ್ಟಿ ತೆಗೆಯುವುದಕ್ಕೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಮನೆಗೆ ಒಯ್ದು ಬೆಂಕಿಗೆ ಹಾಕುತ್ತೇನೆ ಎಂದಳು. ಆ ಘಾಟು ಆರೋಗ್ಯವಂತರಿಗೇ ಕೆಮ್ಮು ತರಿಸುತ್ತದೆ. ನಾಳೆ ಕೂಸು ಬರುವುದು ಅದೇ ಮನೆಗೆ. ಕೊನೆಗೆ ನಲ್ಲಿಯ ಕೆಳಗೆ ತೊಳೆದು ಬಿಡುವುದಕ್ಕೆ ಒಪ್ಪಿದಳು. ದೃಷ್ಟಿ ಹೇಗೆ ಹೋದರೇನು, ಹೋದರೆ ಆಯಿತು.

ಪಕ್ಕದ ಮಂಚದಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗಿ, ಮೂರು ತಿಂಗಳ ಗಂಡುಕೂಸು. ವಾಘೋಲಿಯಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ, ಅದರೊಳಗೇ ಕಟ್ಟಿಗೆ ಒಲೆ. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ನಾನೂ ಸಿಸ್ಟರೂ ಅವಳಿಗೆ ದುಭಾಷಿಗಳಾದೆವು. ಆ ಕೂಸಿಗೆ ನಳಿಕೆಯ ಆಕ್ಸಿಜನ್ ಸಾಲದೆ ಬಬಲ್ ಸಿಪ್ಯಾಪ್ ಹಾಕಿದ್ದರು. ನೋಡಲು ಏನೂ ಇಲ್ಲ. ಕೂಸು ಬಿಟ್ಟ ಉಸಿರು ಒಂದು ಕೊಳವೆಯಲ್ಲಿ ಬಂದು ನೀರಿನ ಬಾಟಲಿಯಲ್ಲಿ ಗುಳುಗುಳು ಅನ್ನುತ್ತದೆ. ಕೊಳವೆ ನೀರಿನಲ್ಲಿ ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅಷ್ಟು ಒತ್ತಡ ಕೂಸಿನ ಶ್ವಾಸಕೋಶದಲ್ಲಿ ಉಳಿಯುತ್ತದೆ, ಗಾಳಿಗೂಡುಗಳು ಮುದುಡಿಕೊಳ್ಳುವುದಿಲ್ಲ. ಗುಳುಗುಳು ನಿಂತರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಅದನ್ನು ಅವಳಿಗೆ ಹೇಳಿಕೊಟ್ಟಿದ್ದರು. ರಾತ್ರಿಯಿಡೀ ಆ ಶಬ್ದಕ್ಕೆ ಕಿವಿಕೊಟ್ಟು ಕೂತಿರುತ್ತಿದ್ದಳು.

ಕೂಸಿನ ಹೊಟ್ಟೆಯ ಮೇಲೆ ಎರಡು ಸಣ್ಣ ಬರೆ. ಪಕ್ಕೆ ಎಳೆಯುತ್ತಿದೆ ಅಂತ ಊರಿಂದ ಬಂದಿದ್ದ ಅತ್ತೆ ಬಳೆಚೂರು ಕಾಯಿಸಿ ಹಾಕಿದ್ದರಂತೆ. ಕಿರಿಯ ಡಾಕ್ಟರೊಬ್ಬರು ಇಡೀ ವಾರ್ಡಿಗೆ ಕೇಳುವಂತೆ ಬೈದರು. ಹುಡುಗಿ ಸೆರಗಿನಲ್ಲಿ ಬರೆ ಮುಚ್ಚಿಕೊಂಡಳು. ದೊಡ್ಡ ಡಾಕ್ಟರು ಬಂದವರು ಬೈಯಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ಅವಳಿಗೆ ಹೇಳಿ, ಅವರ ಅತ್ತೆ ಪಕ್ಕೆ ಎಳೆಯುವುದನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಮುಂದಿನ ಸಲ ಗುರುತಿಸಿದ ಕೂಡಲೇ ಇಲ್ಲಿಗೆ ಕರೆತರಲಿ. ಸುಡುವುದು ಬೇಡ." ನನಗೆ ಇದು ಸರಿ ಅನಿಸಿತು. ಬೈಸಿಕೊಂಡವಳು ಮುಂದಿನ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಷ್ಟ.

ಗಡಚಿರೋಲಿಯ ಕಥೆ ಹೇಳಿದ್ದೂ ಅವರೇ. ಮಹಾರಾಷ್ಟ್ರದ ಆ ಕಾಡು ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ತಮ್ಮ ‘ಸರ್ಚ್’ ಸಂಸ್ಥೆಯಿಂದ 1980ರ ದಶಕದ ಕೊನೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಮಕ್ಕಳ ನ್ಯುಮೋನಿಯಾ ಗುರುತಿಸಿ ಔಷಧಿ ಕೊಡಲು ಕಲಿಸಿದರು. ಓದು ಬರಹ ಬಾರದ ಸೂಲಗಿತ್ತಿ ಐವತ್ತರವರೆಗೆ ಎಣಿಸುವುದು ಹೇಗೆ? ಅದಕ್ಕೆ ಮಣಿ ಪೋಣಿಸಿದ ಒಂದು ಚೌಕಟ್ಟು, ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮುಂಚೆ ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. 1990ರಲ್ಲಿ ಅದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯಾದಗಿರಿಯ ಹುಡುಗಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಆ ಮಣಿ ಎಲ್ಲಿ ಸಿಗ್ತಾವ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ಬೆರಳು ಮಡಚಿ ತೋರಿಸಿದೆ. ಹತ್ತಕ್ಕೊಂದು ಬೆರಳು, ನಿಮಿಷದೊಳಗೆ ಐದೂ ಮಡಚಿದರೆ ಹೊರಡು. ಅವಳ ಗಂಡ ಮೊಬೈಲಿನಲ್ಲಿ ನಿಮಿಷ ಹಿಡಿಯುವುದನ್ನು ಅಭ್ಯಾಸ ಮಾಡಿದ.

ಆಕ್ಸಿಜನ್ ಬಿಡಿಸುವುದು ನಾನಂದುಕೊಂಡಷ್ಟು ನೇರವಾಗಿರಲಿಲ್ಲ. ಎಚ್ಚರ ಇರುವಾಗ ನಳಿಕೆ ತೆಗೆದರೆ 94 ಇರುತ್ತಿತ್ತು. ಎಲ್ಲರಿಗೂ ಖುಷಿ. ನಿದ್ದೆ ಹತ್ತಿದ ಮೇಲೆ 89. ಮತ್ತೆ ನಳಿಕೆ. ನಿದ್ದೆಯಲ್ಲೂ ನಿಂತ ಮೇಲೆಯೇ ಬಿಡುಗಡೆ ಎಂದರು. ಮಾನಿಟರ್ ನೋಡಿ ಗಾಬರಿಯಾಗುವುದನ್ನು ಸಿಸ್ಟರ್ ಬಿಡಿಸಿದರು. ಕಾಲು ಒದ್ದರೂ ಅಲಾರಂ ಹೊಡೆಯುತ್ತದೆ. "ಮೊದಲ ಗೆರಿ ನೋಡ್ರಿ. ಅಲಿ ಸರಿಯಾಗಿ ಬರಾಕತ್ತಿದ್ರ ನಂಬರ್ ನಂಬ್ರಿ. ಇಲ್ಲಂದ್ರ ಕೂಸಿನ ಮಾರಿ ನೋಡ್ರಿ." ಬೆನ್ನು ತಟ್ಟುತ್ತಾ ಕೂತಿದ್ದ ನನ್ನ ಗಂಡನಿಗೆ, ಕಫ ಬಿಡಿಸಲು ಹಾಗೆ ತಟ್ಟುವುದರಿಂದ ನ್ಯುಮೋನಿಯಾಗೆ ಏನೂ ಲಾಭವಿಲ್ಲ, ಸುಮ್ನೆ ಎತ್ತಿಕೊಳ್ಳಿ ಎಂದರು. ನೆಬ್ಯುಲೈಸರ್ ಕೂಡ ಎಲ್ಲರಿಗೂ ಅಲ್ಲ, ಎದೆಯಲ್ಲಿ ಸುಂಯ್‌ಗುಟ್ಟುವ ಮಕ್ಕಳಿಗೆ ಮಾತ್ರ. ಬಿಸಿನೀರಿನ ಹಬೆ ಕೂಸುಗಳಿಗೆ ಬೇಡವೇ ಬೇಡ. ಉಪಯೋಗಕ್ಕಿಂತ ಸುಟ್ಟುಕೊಂಡು ಬಂದವರೇ ಜಾಸ್ತಿ ಎಂದರು.

ಬಿಲ್ಲು, ಇನ್ಶೂರೆನ್ಸ್, ಸಹಿ, ಇವುಗಳ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ.

ಮನೆಗೆ ಬರುವಾಗ ಅಮಾಕ್ಸಿಸಿಲಿನ್ ಕರಗುವ ಮಾತ್ರೆ ಕೊಟ್ಟರು. ಒಂದು ಚಮಚ ಎದೆಹಾಲಿನಲ್ಲಿ ಹಾಕಿದರೆ ಕರಗಿಹೋಗುತ್ತದೆ. ಮಗು ಆಟವಾಡುತ್ತಿದೆ ಅಂತ ನಡುವೆ ನಿಲ್ಲಿಸಬಾರದು, ಬರೆದಷ್ಟೂ ಮುಗಿಸಬೇಕು. ಕೆಮ್ಮು ಎರಡು ಮೂರು ವಾರ ಇರಬಹುದು, ಅದಕ್ಕೆ ಹೆದರಬೇಡಿ. ಚೆನ್ನಾಗಿದ್ದರೆ ಎಕ್ಸ್‌ರೇ ಮತ್ತೆ ಬೇಡ. ಆದರೆ ಹಾಲು ಬಿಟ್ಟರೆ, ಪಕ್ಕೆ ಎಳೆದರೆ, ಮಂಕಾದರೆ, ಜ್ವರ ತಿರುಗಿ ಬಂದರೆ ಕೂಡಲೇ ವಾಪಸ್. ಪುಟ್ಟಿಯ ತೂಕ ಇಳಿದಿತ್ತು. ಮಾಮೂಲಿಗಿಂತ ಒಂದು ಹೊತ್ತು ಜಾಸ್ತಿ ಉಣಿಸಿ ಎಂದಿದ್ದರು. ಅಮ್ಮ ರಾಗಿ ಸರಿ ಮಾಡಲು ಕೂತಳು. ಇಲ್ಲಿ ರಾಗಿಗೆ ನಾಚಣಿ ಅಂತ ಕೇಳಬೇಕು. ಕಿರಾಣಿಯವನು ಕೊಟ್ಟದ್ದು ನೋಡಿ "ಇದು ಹಾಸನದ ರಾಗಿ ಅಲ್ಲ" ಎಂದು ಮೂಗು ಮುರಿದಳು, ಆದರೂ ಮೊಳಕೆ ಕಟ್ಟಿದಳು. ಕೂಸಿಗೆ ಮೂರು ಪದರ ಸ್ವೆಟರ್ ಹಾಕುವುದನ್ನು ಮಾತ್ರ ಬಿಟ್ಟಳು. ನಾವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಬಿಗಿಯಾಗಿ ಸುತ್ತಿಟ್ಟರೆ ಎದೆ ಕಾಣುವುದಿಲ್ಲ.

ಒಂಬತ್ತನೇ ತಿಂಗಳಿಗೆ ದಡಾರ-ರುಬೆಲ್ಲಾ ಜೊತೆಗೆ ಪಿಸಿವಿ ಬೂಸ್ಟರ್ ಇತ್ತು. ಮೊದಲ ಎರಡು ಡೋಸ್ ಆರು ಮತ್ತು ಹದಿನಾಲ್ಕನೇ ವಾರಕ್ಕೆ ಆಗಿದ್ದವು. ಖಾಸಗಿಯಲ್ಲಿ ಡೋಸಿಗೆ ಸಾವಿರಾರು ರೂಪಾಯಿ. 2021ರಿಂದ ಇದು ದೇಶದ ಎಲ್ಲ ಕಡೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿದೆ, ಪಾಲಿಕೆ ದವಾಖಾನೆಯಲ್ಲಿ ಪುಕ್ಕಟೆ. 2020ರ ಡಿಸೆಂಬರ್‌ನಲ್ಲಿ ಬಂದ ದೇಶಿ ಪಿಸಿವಿ ನ್ಯೂಮೋಸಿಲ್ ತಯಾರಿಸುವುದು ನಮ್ಮ ಹಡಪ್ಸರದ ಸೀರಂ ಇನ್‌ಸ್ಟಿಟ್ಯೂಟಿನವರೇ. ಯಾದಗಿರಿಯ ಹುಡುಗಿಗೆ ಫೋನ್ ಮಾಡಿದೆ. ಅವಳ ಕೂಸಿಗೆ ಒಂದು ಡೋಸೂ ಆಗಿರಲಿಲ್ಲ. ಊರಿನ ಕಾರ್ಡ್ ಇಲ್ಲಿ ನಡೆಯುವುದಿಲ್ಲ ಅಂತ ಅವಳಿಗೆ ಯಾರೋ ಹೇಳಿದ್ದರಂತೆ. ಹಾಗೇನೂ ಇಲ್ಲ, ಯಾವ ಊರಿನ ಕಾರ್ಡ್ ಆದರೂ ಸರಿ, ಕಾರ್ಡ್ ಇಲ್ಲದಿದ್ದರೂ ಸರಿ, ಹೊಸದು ಮಾಡಿಕೊಡುತ್ತಾರೆ ಎಂದೆ. ತಡವಾಗಿದ್ದರೂ ಒಂದು ವರ್ಷದೊಳಗೆ ಶುರು ಮಾಡಬಹುದು. ಗುರುವಾರ ಅವಳ ಗಂಡನಿಗೆ ರಜೆ. ಅವತ್ತು ವಾಘೋಲಿಯಲ್ಲಿ ಲಸಿಕೆ ಹಾಕುತ್ತಾರಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಸುತ್ತೇನೆ ಎಂದಿದ್ದೇನೆ.